ಅವಧಿ ತೀರಿದ ಕೇಸು

ಕಳೆದ ತಿಂಗಳು ಸಿಡ್ನಿಗೆ ಹೋಗಿದ್ದಾಗ ಒಂದು ಮಧ್ಯಾಹ್ನ ಬಿಡುವಿತ್ತು. ಹ್ಯಾರಿಸ್ ಪಾರ್ಕಿನಲ್ಲಿ ರೈಲು ಇಳಿದೆ. ಮಿಠಾಯಿ ಅಂಗಡಿಗಳ ಸಾಲು ದಾಟಿ, ಹಿಂದೆ ನಾವು ಬಾಡಿಗೆಗಿದ್ದ ಬೀದಿಗೆ ತಿರುಗಿಕೊಂಡಾಗ ಯಾವುದೋ ಫ್ಲ್ಯಾಟಿನ ಬಾಲ್ಕನಿಯಿಂದ ಗಾಂಜಾ ವಾಸನೆ ತೇಲಿಬಂತು. ಹಸಿ ಸೊಪ್ಪನ್ನು ಸುಟ್ಟಂಥ, ಒಂದಿಷ್ಟು ಸಿಹಿ, ಒಂದಿಷ್ಟು ಕಮಟು ಬೆರೆತ ವಾಸನೆ. ಒಂದು ಕಾಲದಲ್ಲಿ ಅದು ಮೂಗಿಗೆ ಬಡಿದರೆ ಸಾಕು, ತಲೆ ತಗ್ಗಿಸಿ ರಸ್ತೆಯ ಆಚೆ ಬದಿಗೆ ಹೋಗಿಬಿಡುತ್ತಿದ್ದೆ. ಈ ಸಲ ಸುಮ್ಮನೆ ನಿಂತೆ. ಮೇಲೆ ಯಾರೋ ನಗುತ್ತಿದ್ದರು. ನಿಂತಲ್ಲೇ 2016ರ ಚಳಿಗಾಲ ನೆನಪಾಯಿತು.

ಆ ಚಳಿಗಾಲದ ಬಗ್ಗೆ ಹೇಳಬೇಕಾದರೆ ಅದಕ್ಕೂ ಹತ್ತು ವರ್ಷ ಹಿಂದಕ್ಕೆ ಹೋಗಬೇಕು. ಆಗ ನನಗೆ ಇಪ್ಪತ್ಮೂರು. ಹಾವೇರಿಯಿಂದ ಬಯೋಟೆಕ್ನಾಲಜಿ ಓದಲು ಸಿಡ್ನಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಹ್ಯಾರಿಸ್ ಪಾರ್ಕಿನ ಒಂದು ಹಳೆಯ ಮನೆಯಲ್ಲಿ ನಾವು ಐದು ಹುಡುಗಿಯರು ಇದ್ದೆವು. ಕ್ಲಾಸಿನ ಗೆಳೆಯರ ಜೊತೆ ಮೂರ್ನಾಲ್ಕು ಸಲ ಗಾಂಜಾ ಸೇದಿದ್ದೆ. ಯಾರೂ ಬಲವಂತ ಮಾಡಿರಲಿಲ್ಲ, ಯಾರೂ ಮೋಸದಿಂದ ಕೊಟ್ಟಿರಲಿಲ್ಲ. ಪರೀಕ್ಷೆ ಮುಗಿದ ಒಂದು ಸಂಜೆ, ಉಳಿದದ್ದನ್ನು ಒಂದು ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜಾಕೆಟ್ಟಿನ ಜೇಬಿಗೆ ಹಾಕಿಕೊಂಡು ರೈಲು ಹಿಡಿಯಲು ಬಂದೆ. ಸ್ಟೇಷನ್ನಿನ ಬಾಗಿಲಲ್ಲಿ ಪೊಲೀಸರು ಮಾದಕವಸ್ತು ಮೂಸುವ ನಾಯಿ ಹಿಡಿದು ನಿಂತಿದ್ದರು. ಆ ನಾಯಿ ಬೊಗಳಲಿಲ್ಲ, ಮೈಮೇಲೆ ಹಾರಲಿಲ್ಲ. ಬಂದು ನನ್ನ ಮುಂದೆ ಕೂತುಕೊಂಡಿತು, ಅಷ್ಟೇ.

ಜೇಬಿನಿಂದ ಚೀಲ ತೆಗೆದು, ಇದು ನಿನ್ನದಾ ಎಂದು ಪೊಲೀಸ್ ಹೆಂಗಸು ಕೇಳಿದಳು. ನನ್ನದಲ್ಲ, ಜಾಕೆಟ್ ಗೆಳತಿಯದು ಎಂದು ಸುಳ್ಳು ಹೇಳಿದೆ. ನಿಜ ಒಪ್ಪಿಕೊಂಡಿದ್ದರೆ ಅಷ್ಟು ಸಣ್ಣ ಪ್ರಮಾಣಕ್ಕೆ ಎಚ್ಚರಿಕೆ ಕೊಟ್ಟು ಬಿಡುವ ಅಧಿಕಾರ ಅವರಿಗಿತ್ತು ಎಂಬುದು ಎಷ್ಟೋ ವರ್ಷಗಳ ನಂತರ ತಿಳಿಯಿತು. ಸುಳ್ಳು ಹೇಳಿದ್ದರಿಂದ ಕೇಸಾಯಿತು, ಕೋರ್ಟಿಗೆ ಹೋಗಬೇಕಾಯಿತು. ನನ್ನ ಪರವಾಗಿ ಸರ್ಕಾರ ಉಚಿತವಾಗಿ ಕೊಟ್ಟ ವಕೀಲರೊಬ್ಬರು ಕಾರಿಡಾರಿನಲ್ಲಿ ಎರಡು ನಿಮಿಷ ಮಾತಾಡಿ, ತಪ್ಪೊಪ್ಪಿಕೊಂಡರೆ ಬೇಗ ಮುಗಿಯುತ್ತದೆ ಎಂದರು. ಒಪ್ಪಿಕೊಂಡೆ. ಮ್ಯಾಜಿಸ್ಟ್ರೇಟರು ಕನ್ನಡಕದ ಮೇಲಿಂದ ನನ್ನನ್ನು ನೋಡಿ ಏನೇನೋ ಹೇಳಿದರು. ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ನನಗೆ ಕೇಳಿದ್ದು ‘ಗಿಲ್ಟಿ’ ಎಂಬ ಒಂದು ಮಾತು, ಆಮೇಲೆ ಒಂದು ವರ್ಷ ಸರಿಯಾಗಿ ನಡೆದುಕೊಳ್ಳಬೇಕು ಎಂಬ ಇನ್ನೊಂದು ಮಾತು. ಕೈಗೆ ಒಂದು ಹಾಳೆ ಕೊಟ್ಟರು. ಓದದೆ ಮಡಚಿ, ಸೂಟ್‌ಕೇಸಿನ ತಳದಲ್ಲಿ ಸರ್ಟಿಫಿಕೇಟುಗಳ ಕೆಳಗೆ ಇಟ್ಟುಬಿಟ್ಟೆ. ಮನೆಗೆ ಫೋನ್ ಮಾಡಿ, ಪರೀಕ್ಷೆ ಚೆನ್ನಾಗಿ ಆಯಿತು ಎಂದು ಅವ್ವನಿಗೆ ಹೇಳಿದೆ.

ಆ ಒಂದು ವರ್ಷ ಸರಿಯಾಗಿಯೇ ನಡೆದುಕೊಂಡೆ. ನಂತರವೂ ಅಷ್ಟೇ. ಆದರೆ ಪಿಆರ್‌ಗೆ ಅಂದರೆ ಕಾಯಂ ವಾಸದ ಅನುಮತಿಗೆ ಅರ್ಜಿ ಹಾಕುವಾಗ ತರಿಸಿದ ಪೊಲೀಸ್ ಸರ್ಟಿಫಿಕೇಟಿನಲ್ಲಿ ಆ ಕೇಸು ಕಪ್ಪು ಅಕ್ಷರದಲ್ಲಿ ಕೂತಿತ್ತು. ನಡೆದದ್ದನ್ನೆಲ್ಲ ಬರೆದು, ತಪ್ಪಾಯಿತು ಎಂದು ಒಂದು ಪತ್ರ ಲಗತ್ತಿಸಿ ಕಳಿಸಿದೆ. ಪಿಆರ್ ಬಂತು. ಖುಷಿಪಡುವ ಬದಲು ನಾನು ಮನಸ್ಸಿನಲ್ಲಿ ಒಂದು ವಿಷಯ ಗಟ್ಟಿ ಮಾಡಿಕೊಂಡೆ: ಯಾರು ಯಾವಾಗ ಪೊಲೀಸ್ ಚೆಕ್ ಮಾಡಿದರೂ ಇದು ಹೀಗೇ ಎದ್ದು ಬರುತ್ತದೆ, ಸಾಯುವ ತನಕ.

ಹಾಗಾಗಿ, ರೋಗಪರೀಕ್ಷೆಯ ಲ್ಯಾಬಿನಲ್ಲಿ ರಕ್ತದ ಮಾದರಿ ನೋಡಬೇಕಾದವಳು ಹ್ಯಾರಿಸ್ ಪಾರ್ಕಿನ ದಿನಸಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಸಾಲೆ ಪೊಟ್ಟಣ ಕಟ್ಟುತ್ತಾ ಉಳಿದೆ. ಜೀರಿಗೆ, ಧನಿಯಾ, ನಮ್ಮ ಜಿಲ್ಲೆಯದೇ ಬ್ಯಾಡಗಿ ಮೆಣಸಿನಕಾಯಿ. ಚೀಲ ಬಿಚ್ಚಿದಾಗ ಒಮ್ಮೊಮ್ಮೆ ಊರಿನ ಮಾರುಕಟ್ಟೆಯ ಘಾಟು ಬಂದು ಕಣ್ಣು ತುಂಬುತ್ತಿತ್ತು. ಮೆಣಸಿನಕಾಯಿಯ ಖಾರಕ್ಕೆ ಎಂದು ಎಲ್ಲರೂ ತಿಳಿಯುತ್ತಿದ್ದದ್ದು ಒಂದು ಅನುಕೂಲ.

ಶಶಿಯನ್ನು ಮದುವೆಯಾದದ್ದು ಪಿಆರ್ ಬಂದ ಮೇಲೆ. ತುಮಕೂರಿನವರು, ಐಟಿ ಸಪೋರ್ಟಿನಲ್ಲಿ ಕೆಲಸ, ಮೃದು ಮನುಷ್ಯ. ಅವರಿಗೂ ಹೇಳಲಿಲ್ಲ. ಮೊದಲ ತಿಂಗಳು ಹೇಳೋಣ ಅಂದುಕೊಂಡೆ, ಮೊದಲ ವರ್ಷ ಹೇಳೋಣ ಅಂದುಕೊಂಡೆ. ಆಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಯೇ ಕೇಸಿಗಿಂತ ದೊಡ್ಡದಾಯಿತು. ಲ್ಯಾಬಿನ ಕೆಲಸದ ಜಾಹೀರಾತು ಕಂಡಾಗಲೆಲ್ಲ ಅವರು ನನಗೆ ಕಳಿಸುವರು. ನಾನು ಅರ್ಜಿ ತುಂಬುತ್ತಾ ಹೋಗಿ, ಪೊಲೀಸ್ ಚೆಕ್‌ಗೆ ನಿಮ್ಮ ಒಪ್ಪಿಗೆ ಇದೆಯೇ ಎಂಬ ಸಾಲು ಬಂದ ಕೂಡಲೇ ಲ್ಯಾಪ್‌ಟಾಪ್ ಮುಚ್ಚುತ್ತಿದ್ದೆ. ಕೇಳಿದರೆ ಅನುಭವ ಸಾಲದಂತೆ, ದೂರವಂತೆ, ಶಿಫ್ಟ್ ಸರಿಯಿಲ್ಲವಂತೆ ಎಂದು ದಿನಕ್ಕೊಂದು ನೆಪ. ಕೊನೆಕೊನೆಗೆ ಅವರು ಕೇಳುವುದನ್ನೇ ನಿಲ್ಲಿಸಿದರು. ಅವರ ಆ ಮೌನ ನನಗೆ ಬೈಗುಳಕ್ಕಿಂತ ಕಷ್ಟವಾಗಿತ್ತು.

2016ರ ಜೂನ್ ಹೊತ್ತಿಗೆ ಶಶಿಯ ಕಂಪನಿ ಅವರನ್ನು ಮೆಲ್ಬರ್ನಿಗೆ ಕಳಿಸುವುದು ಖಚಿತವಾಯಿತು. ಅಲ್ಲಿನ ಟಾರ್ನೀಟಿನಲ್ಲಿ ಬಾಡಿಗೆ ಮನೆ ನೋಡುವ ಮಾತು ನಡೆದಿತ್ತು. ಈ ದೇಶದಲ್ಲಿ ಜೂನ್ ಎಂದರೆ ಚಳಿಗಾಲ, ಆ ಸಲದ ಚಳಿ ನೆನಪಿದೆ. ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗ ಕಬ್ಬಿಣ ಬೆರಳಿಗೆ ಕಚ್ಚುತ್ತಿತ್ತು. ಮಧ್ಯಾಹ್ನ ಮಾತ್ರ ಬಿಸಿಲು ನಿಚ್ಚಳವಾಗಿ ಬೀಳುತ್ತಿತ್ತು. ಅಂಥ ಒಂದು ಮಧ್ಯಾಹ್ನ ಲವೀನಾ ಆಂಟಿ ಬಂದರು.

ಲವೀನಾ ಆಂಟಿ ಮಂಗಳೂರಿನವರು, ನಿವೃತ್ತ ನರ್ಸ್. ಮನೆಯಲ್ಲಿ ಕೊಂಕಣಿ, ಚರ್ಚಿನಲ್ಲಿ ಇಂಗ್ಲಿಷ್, ನನ್ನ ಜೊತೆ ಮಂಗಳೂರು ಕನ್ನಡ. ವಾರಕ್ಕೆ ಎರಡು ದಿನ ಬಡವರಿಗೆ ಉಚಿತವಾಗಿ ಕಾನೂನು ಸಲಹೆ ಕೊಡುವ ಒಂದು ಕೇಂದ್ರದಲ್ಲಿ ಬಂದವರನ್ನು ಕೂರಿಸಿ ಮಾತಾಡಿಸುವ ಸೇವೆ ಮಾಡುತ್ತಿದ್ದರು. ಸಣ್ಣಪುಟ್ಟ ಹಳೆಯ ಕೇಸುಗಳ ಬಗ್ಗೆ, ಮುಖ್ಯವಾಗಿ ಗಾಂಜಾ ಇಟ್ಟುಕೊಂಡದ್ದಕ್ಕೆ ಆದ ಕೇಸುಗಳ ಬಗ್ಗೆ, ಲೈಬ್ರರಿಯಲ್ಲಿ ಒಂದು ಮಾಹಿತಿ ಸಭೆ ಮಾಡುತ್ತಾರಂತೆ. ಎರಡು ಪುಟದ ಕರಪತ್ರ ಹಲವು ಭಾಷೆಗಳಲ್ಲಿ ಬೇಕಂತೆ. ಕನ್ನಡಕ್ಕೆ ಯಾರೂ ಇಲ್ಲವಂತೆ.

“ನೀನು ಚಂದ ಬರೀತಿಯಲ್ಲ ಸುಮಂಗಲಾ, ಕನ್ನಡ ಸಂಘದ ಪತ್ರಿಕೆಯಲ್ಲಿ ಓದಿದ್ದೇನೆ. ನಮ್ಮವರಿಗೆ ಇದೆಲ್ಲ ಇಲ್ಲ ಅಂತ ಎಲ್ಲರೂ ಹೇಳ್ತಾರೆ. ಉಂಟು ಮಾರಾಯ್ತಿ. ಬಾಯಿ ಬಿಡೂದಿಲ್ಲ ಅಷ್ಟೇ.”

ಹಾಳೆಗಳನ್ನು ಅವರು ಧನಿಯಾ ಚೀಲದ ಮೇಲಿಟ್ಟರು. ಇವರಿಗೆ ಏನಾದರೂ ಗೊತ್ತಾಗಿದೆಯೇ ಎಂದು ಮುಖ ನೋಡಿದೆ. ಆಂಟಿ ಆಗಲೇ ಏಲಕ್ಕಿಯ ಬೆಲೆ ವಿಚಾರಿಸುತ್ತಿದ್ದರು.

ಮರುದಿನ ಊಟದ ಬಿಡುವಿನಲ್ಲಿ ಅನುವಾದಕ್ಕೆ ಕೂತೆ. ‘ಸ್ಪೆಂಟ್ ಕನ್ವಿಕ್ಷನ್’ ಎಂಬ ಮಾತಿನ ಹತ್ತಿರ ಬಂದು ಪೆನ್ನು ನಿಂತುಬಿಟ್ಟಿತು. ‘ಖರ್ಚಾದ ಶಿಕ್ಷೆ’ ಎಂದು ಬರೆದು ನನಗೇ ನಗು ಬಂದು ಹೊಡೆದುಹಾಕಿದೆ. ‘ಮುಗಿದ ಅಪರಾಧ’ ಎಂದೆ, ಅದೂ ಸರಿಬರಲಿಲ್ಲ. ಆಂಟಿಗೆ ಫೋನ್ ಮಾಡಿ ಇದರ ಅರ್ಥ ನಿಜವಾಗಿ ಏನು ಎಂದು ಕೇಳಿದೆ. ಇಷ್ಟು ವರ್ಷ ಬೇರೆ ತಪ್ಪು ಮಾಡದೆ ಇದ್ದರೆ ಆ ಹಳೆಯ ಶಿಕ್ಷೆ ಲೆಕ್ಕಕ್ಕಿಲ್ಲ, ಕೆಲಸ ಕೊಡುವವರಿಗೆ ಹೇಳಬೇಕಾಗಿಲ್ಲ, ಸಾಮಾನ್ಯ ಪೊಲೀಸ್ ಚೆಕ್ಕಿನಲ್ಲಿ ಬರುವುದೂ ಇಲ್ಲ ಎಂದು ಅವರು ಬಿಡಿಸಿ ಹೇಳಿದರು. “ಔಷಧಿಗೆ ಒಂದು ಡೇಟ್ ಇರ್ತದಲ್ಲ, ಅದು ದಾಟಿದ ಮೇಲೆ ಅದಕ್ಕೆ ಪವರ್ ಇಲ್ಲ. ಹಾಗೆ.” ನರ್ಸ್ ಆಗಿದ್ದವರ ವಿವರಣೆ. ನಾನು ‘ಅವಧಿ ತೀರಿದ ದಾಖಲೆ’ ಎಂದು ಬರೆದೆ.

ಮುಂದಿನ ಪ್ಯಾರಾ ಓದಿದೆ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ವಯಸ್ಕರಿಗಾದ ಸಣ್ಣ ಶಿಕ್ಷೆಗಳಿಗೆ ಸಾಮಾನ್ಯವಾಗಿ ಹತ್ತು ವರ್ಷದ ಅವಧಿ. ಆದರೆ ಕೋರ್ಟು ತಪ್ಪು ಸಾಬೀತಾಗಿದೆ ಎಂದು ಹೇಳಿಯೂ ಶಿಕ್ಷೆ ದಾಖಲಿಸದೆ, ಸರಿಯಾಗಿ ನಡೆದುಕೊಳ್ಳುವ ಷರತ್ತಿನ ಮೇಲೆ ಬಿಟ್ಟಿದ್ದರೆ, ಆ ಷರತ್ತಿನ ಅವಧಿ ಮುಗಿದ ದಿನವೇ ಅದೂ ತೀರುತ್ತದೆ. ಅರ್ಜಿ ಹಾಕಬೇಕಾಗಿಲ್ಲ, ತಾನಾಗಿಯೇ ಆಗುತ್ತದೆ. ಇದನ್ನು ಕನ್ನಡಕ್ಕೆ ತರುತ್ತಾ ಅರ್ಧ ವಾಕ್ಯ ಬರೆದಿದ್ದೆ. ಸೂಟ್‌ಕೇಸಿನ ತಳದ ಹಾಳೆ ನೆನಪಾಯಿತು. ಉಳಿದರ್ಧ ಬರೆಯಲು ಕೈ ಏಳಲಿಲ್ಲ.

ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಸೂಟ್‌ಕೇಸ್ ಎಳೆದೆ. ಹಾಳೆ ಮಡಿಕೆಯ ಗೆರೆಯಲ್ಲಿ ಸವೆದಿತ್ತು. ಇಂಗ್ಲಿಷಿನಲ್ಲಿ ಸ್ಪಷ್ಟವಾಗಿಯೇ ಇತ್ತು: ಶಿಕ್ಷೆ ದಾಖಲಿಸಿಲ್ಲ, ಹನ್ನೆರಡು ತಿಂಗಳ ಸನ್ನಡತೆಯ ಬಾಂಡ್. ಓದು ಬರುವ ಹುಡುಗಿ ಹತ್ತು ವರ್ಷ ಓದದೆ ಇಟ್ಟುಕೊಂಡ ಹಾಳೆ. ನಂಬಿಕೆ ಬರಲಿಲ್ಲ. ಪಿಆರ್ ಸಮಯದಲ್ಲಿ ಕಂಡ ಕಪ್ಪು ಅಕ್ಷರ ಸುಳ್ಳೇ ಹಾಗಾದರೆ?

ಆಂಟಿಗೆ, ನನ್ನ ಗೆಳತಿಯೊಬ್ಬಳಿಗೆ ವಕೀಲರನ್ನು ಕಾಣಬೇಕಂತೆ ಎಂದೆ. ಅವರು “ಗುರುವಾರ ಹನ್ನೊಂದಕ್ಕೆ ಬರ್ಲಿಕ್ಕೆ ಹೇಳು. ಬೇಕಾದರೆ ನೀನೂ ಬಾ,” ಎಂದರು. ಗುರುವಾರ ನಾನೊಬ್ಬಳೇ ಹೋದೆ. ಗೆಳತಿ ಎಲ್ಲಿ ಎಂದು ಅವರು ಕೇಳಲಿಲ್ಲ. ಟೀ ಮಾಡಿ ಕೊಟ್ಟು ಒಳಗೆ ಕಳಿಸಿದರು.

ವಕೀಲೆಗೆ ನನ್ನಷ್ಟೇ ವಯಸ್ಸು. ಹಾಳೆಯನ್ನು ಎರಡು ಸಲ ಓದಿ, ಈ ಬಾಂಡ್ ಮುಗಿದ ನಂತರ ಬೇರೆ ಏನಾದರೂ ಕೇಸ್ ಆಗಿದೆಯೇ ಎಂದು ಕೇಳಿದಳು. ಇಲ್ಲ ಎಂದೆ. ಹಾಗಾದರೆ ಇದು ತೀರಿ ಒಂಬತ್ತು ವರ್ಷವಾಯಿತು ಎಂದಳು. ಪಿಆರ್, ವೀಸಾ, ಪೌರತ್ವದಂಥ ವಿಷಯಕ್ಕೆ ಬೇರೆ ನಿಯಮ, ಅಲ್ಲಿ ಎಲ್ಲವನ್ನೂ ನೋಡುತ್ತಾರೆ, ಕೇಳಿದರೆ ಹೇಳಲೇಬೇಕು. ಮಕ್ಕಳ ಜೊತೆ ಮಾಡುವ ಕೆಲಸದಂಥ ಕೆಲವಕ್ಕೂ ನಿಯಮ ಬೇರೆ. ಆದರೆ ನೀನು ಹೇಳುವ ಲ್ಯಾಬಿನ ಕೆಲಸ ಅದ್ಯಾವುದೂ ಅಲ್ಲ. ಅನುಮಾನವಿದ್ದರೆ ನೀನೇ ನಿನ್ನ ಹೆಸರಿನಲ್ಲಿ ಒಂದು ಪೊಲೀಸ್ ಚೆಕ್ ತರಿಸಿ ನೋಡು ಎಂದಳು.

ಒಂಬತ್ತು ವರ್ಷ ಎಂಬ ಮಾತಿಗೆ ನನಗೆ ಸಂತೋಷವಾಗಬೇಕಿತ್ತು. ಬಂದದ್ದು ಅಳು. ವಕೀಲೆ ಟಿಶ್ಯೂ ಪೆಟ್ಟಿಗೆ ಮುಂದೆ ಸರಿಸಿ ಕಿಟಕಿಯ ಕಡೆ ನೋಡುತ್ತಾ ಕೂತಳು. ಈ ಕುರ್ಚಿಯಲ್ಲಿ ಹೀಗೆ ಅಳುವವರು ಬಹಳ ಮಂದಿ, ಕಾನೂನು ಯಾವತ್ತೋ ಬಿಟ್ಟಿರುತ್ತದೆ, ಜನಕ್ಕೆ ಯಾರೂ ಹೇಳಿರುವುದಿಲ್ಲ ಎಂದಳು. ಹೊರಗೆ ಬಂದಾಗ ಲವೀನಾ ಆಂಟಿ ನನ್ನ ಮುಖ ನೋಡಿ ಬೆನ್ನ ಮೇಲೆ ಕೈಯಿಟ್ಟರು.

“ನಿನ್ನ ಗೆಳತಿಗೆ ಹೇಳು,” ಎಂದರು, “ಗಂಡನಿಗೆ ಇವತ್ತೇ ಹೇಳ್ಲಿಕ್ಕೆ.”

ಇವತ್ತೇ ಆಗಲಿಲ್ಲ. ಪೊಲೀಸ್ ಚೆಕ್‌ಗೆ ಅರ್ಜಿ ಹಾಕಿದ ನಂತರದ ಭಾನುವಾರ ಬೆಳಿಗ್ಗೆ, ಪರಮಟಾ ನದಿಯ ದಂಡೆಯಲ್ಲಿ ನಡೆಯುವಾಗ ಹೇಳಿದೆ. ಫಲಿತಾಂಶ ಬಂದ ಮೇಲೆ ಹೇಳಿದ್ದರೆ ಸುಲಭವಾಗುತ್ತಿತ್ತು. ಆದರೆ ಒಳ್ಳೆಯ ಸುದ್ದಿಯ ಹಿಂದೆ ಅಡಗಿಕೊಂಡು ಹೇಳುವುದು ಬೇಡ ಅನ್ನಿಸಿತು. ನಾಯಿ, ಜಾಕೆಟ್, ಸುಳ್ಳು, ಕೋರ್ಟು, ಎಲ್ಲ ಹೇಳಿದೆ. ಶಶಿ ನಡೆಯುತ್ತಲೇ ಕೇಳಿದರು. ದೋಣಿಕಟ್ಟೆಯ ಹತ್ತಿರ ಬಂದಾಗ ನಿಂತರು.

“ಗಾಂಜಾ ಸೇದಿದ್ದಕ್ಕೆ ನಂಗೇನೂ ಅನ್ನಿಸ್ತಿಲ್ಲ ಸುಮಾ. ನಮ್ಮ ಹಾಸ್ಟೆಲಲ್ಲಿ ಅದೆಲ್ಲ ನೋಡಿದೀನಿ. ಆದ್ರೆ ಆರು ವರ್ಷ ನಾನು ನಿನ್ನನ್ನ ಸೋಮಾರಿ ಅಂದ್ಕೊಂಡಿದ್ದೆ. ನೀನು ಅನ್ನಿಸ್ಕೊಂಡು ಸುಮ್ನೆ ಇದ್ದೆ. ಅದನ್ನ ಹೆಂಗೆ ತಗೋಬೇಕೋ ಗೊತ್ತಾಗ್ತಿಲ್ಲ.”

ನಿಮ್ಮ ಮುಂದೆ ಸಣ್ಣವಳಾಗುವುದಕ್ಕಿಂತ ಸೋಮಾರಿಯಾಗಿರುವುದೇ ವಾಸಿ ಅನ್ನಿಸಿತ್ತು ಎಂದೆ. ಅದು ನಿಜವೂ ಆಗಿತ್ತು. ಮುಂದಿನ ನಾಲ್ಕೈದು ದಿನ ಮನೆಯಲ್ಲಿ ಮಾತು ಕಡಿಮೆಯಿತ್ತು. ಅವರು ಕೋಪದಲ್ಲಿರಲಿಲ್ಲ. ಆರು ವರ್ಷದ ಒಂದೊಂದು ಜಗಳವನ್ನೂ ತೆಗೆದು, ಈ ಹೊಸ ವಿಷಯದ ಜೊತೆ ಇಟ್ಟು ಮತ್ತೆ ನೋಡುತ್ತಿದ್ದಂತೆ ಇತ್ತು. ಒಂದು ಸಂಜೆ ಪಾತ್ರೆ ಒರೆಸುತ್ತಿದ್ದವರು ಇದ್ದಕ್ಕಿದ್ದಂತೆ, ಆ ಸಲ ನಿನ್ನ ಹುಟ್ಟುಹಬ್ಬದ ದಿನ ಲ್ಯಾಬಿನ ಅರ್ಜಿಯ ಬಗ್ಗೆ ಅಷ್ಟು ಕೆಟ್ಟದಾಗಿ ಮಾತಾಡಿದ್ದೆ, ಸಾರಿ ಎಂದರು. ನಾನು ಆ ದಿನವನ್ನು ಮರೆತೇಬಿಟ್ಟಿದ್ದೆ. ಅವರಿಗೆ ನೆನಪಿತ್ತು.

ಫಲಿತಾಂಶ ಒಂದು ಮಧ್ಯಾಹ್ನ ಇಮೇಲಿನಲ್ಲಿ ಬಂತು. ನಾನು ಅಂಗಡಿಯಲ್ಲಿದ್ದೆ. ತೆರೆಯುವ ಧೈರ್ಯವಾಗದೆ ಮನೆಗೆ ತಂದೆ. ಶಶಿ ತೆರೆದರು. ಬಹಿರಂಗಪಡಿಸಬೇಕಾದ ಯಾವ ಕೋರ್ಟ್ ಫಲಿತಾಂಶವೂ ಇಲ್ಲ ಎಂಬ ಒಂದೇ ಸಾಲು. ಅವರು ಅದನ್ನು ಜೋರಾಗಿ ಓದಿದರು, ಮತ್ತೆ ಮೆಲ್ಲಗೆ ಓದಿದರು. ಆಮೇಲೆ ಪರದೆಯ ಮೇಲಿನ ಆ ಕಿಟಕಿ ಮುಚ್ಚಿ ಇನ್ನೊಂದನ್ನು ತೆರೆದು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. ಮೆಲ್ಬರ್ನಿನ ಬಾಕ್ಸ್ ಹಿಲ್‌ನ ಒಂದು ಲ್ಯಾಬಿನ ಜಾಹೀರಾತು. ಎರಡು ವಾರದಿಂದ ಅದನ್ನು ತೆಗೆದಿಟ್ಟುಕೊಂಡಿದ್ದರಂತೆ, ಕೇಳಲು ಹಿಂಜರಿದು. ಆ ಸಂಜೆ ನಾನು ಅರ್ಜಿಯ ಕೊನೆಯ ಸಾಲಿನ ತನಕ ಹೋದೆ.

ಲೈಬ್ರರಿಯ ಸಭೆಗೆ ಎರಡು ದಿನ ಇರುವಾಗ ಕರಪತ್ರ ಮುಗಿಸಿಕೊಟ್ಟೆ. ಮುಗಿಸಲಾಗದೆ ಬಿಟ್ಟಿದ್ದ ಆ ವಾಕ್ಯವನ್ನೂ ಬರೆದೆ. ಸಭೆಗೆ ಬಂದ ಕನ್ನಡಿಗರು ಆರೇ ಜನ. ಆರೂ ಜನ ಬೇರೆಬೇರೆ ಮೂಲೆಯಲ್ಲಿ, ಒಬ್ಬರನ್ನೊಬ್ಬರು ನೋಡದಂತೆ ಕೂತಿದ್ದರು. ಹೋಗುವಾಗ ಮಾತ್ರ ಮೇಜಿನ ಮೇಲಿದ್ದ ಕನ್ನಡದ ಹಾಳೆಗಳು ಆರಕ್ಕಿಂತ ಹೆಚ್ಚು ಖಾಲಿಯಾಗಿದ್ದವು. ಲವೀನಾ ಆಂಟಿ ಅದನ್ನು ನನಗೆ ತೋರಿಸಿ ಹುಬ್ಬು ಹಾರಿಸಿದರು.

ಆಗಸ್ಟಿನಲ್ಲಿ ನಾವು ಟಾರ್ನೀಟಿಗೆ ಬಂದೆವು. ಹೊಸ ಬಡಾವಣೆ, ಮರಗಳೆಲ್ಲ ಇನ್ನೂ ಕೋಲಿಗೆ ಕಟ್ಟಿಸಿಕೊಂಡು ನಿಂತಿದ್ದ ಕಾಲ. ಬಯಲಿನ ಗಾಳಿ ಬಾಗಿಲು ತೆಗೆದರೆ ಮನೆಯೊಳಗೆಲ್ಲ ಸುತ್ತಿ ಹೋಗುತ್ತಿತ್ತು. ಇಂಟರ್‌ವ್ಯೂಗೆ ಕರೆ ಬಂತು. ಸಿಟಿಯಲ್ಲಿ ರೈಲು ಬದಲಿಸಿ, ಊರಿನ ಪಶ್ಚಿಮದ ತುದಿಯಿಂದ ಪೂರ್ವಕ್ಕೆ ಹೋಗಬೇಕು. ದಾರಿಯುದ್ದಕ್ಕೂ ನಾನು ಹೇಳಬೇಕಾದದ್ದನ್ನು ಉರುಹೊಡೆದೆ. ಇಷ್ಟು ವರ್ಷ ಈ ಕ್ಷೇತ್ರದಿಂದ ಯಾಕೆ ದೂರವಿದ್ದೆ ಎಂದು ಕೇಳಿದರು. ಧೈರ್ಯ ಸಾಲದೆ ದೂರವಿದ್ದೆ, ಈಗ ಬಂದಿದೆ ಎಂದೆ. ಮುಖ್ಯಸ್ಥೆ ನಕ್ಕು, ಕೆಳಗಿನ ದರ್ಜೆಯಿಂದ ಶುರು ಮಾಡಲು ಒಪ್ಪಿಗೆಯೇ ಎಂದು ವಿಚಾರಿಸಿದಳು. ಪೊಲೀಸ್ ಚೆಕ್ಕಿನ ಹಾಳೆಯನ್ನು ಈ ಸಲ ಪೂರ್ತಿ ಓದಿದೆ. ಆಮೇಲೆ ಸಹಿ ಮಾಡಿದೆ. ಸೆಪ್ಟೆಂಬರಿನಲ್ಲಿ ಕೆಲಸ ಶುರುವಾಯಿತು. ಮೊದಲ ದಿನ ಮಾಡಿದ್ದು ಬರೀ ಟ್ಯೂಬುಗಳಿಗೆ ಲೇಬಲ್ ಹಚ್ಚುವ ಕೆಲಸ. ಒಂದೊಂದು ಹೆಸರನ್ನೂ ಎರಡೆರಡು ಸಲ ಓದಿ ಹಚ್ಚಿದೆ. ಸಂಜೆ ರೈಲಿನಲ್ಲಿ ಅವ್ವನಿಗೆ ಫೋನ್ ಮಾಡಿ, ಲ್ಯಾಬಿನಲ್ಲಿ ಕೆಲಸ ಸಿಕ್ಕಿತು ಎಂದಾಗ, ಇಷ್ಟು ದಿನ ಎಲ್ಲಿದ್ದಿ ಅಂದಳು. ಲ್ಯಾಬಿನಲ್ಲೇ ಇದ್ದೇನೆಂದು ಅವಳಿಗೆ ಹೇಳಿಕೊಂಡು ಬಂದಿದ್ದೆ ಎಂಬುದು ಆಗ ನೆನಪಾಯಿತು. ಅದು ಸುಳ್ಳು ಎಂಬುದೂ ಅವಳಿಗೆ ಗೊತ್ತಿತ್ತೇನೋ. ಆ ವಾರವೇ ಎಲ್ಲವನ್ನೂ ಹೇಳಿದೆ. ಅವಳು ಬೈದಳು, ಚೆನ್ನಾಗಿಯೇ ಬೈದಳು, ಆಮೇಲೆ ಊಟ ಮಾಡಿದೆಯಾ ಎಂದು ಕೇಳಿದಳು.

ವರ್ಷದ ಕೊನೆಗೆ, ಬಿಸಿಲು ಏರಿದ ಒಂದು ಶನಿವಾರ, ಟಾರ್ನೀಟಿನ ಕನ್ನಡದವರು ಸೇರುವ ಹಾಲ್‌ನಲ್ಲಿ ಅಂಥದೇ ಒಂದು ಮಾಹಿತಿ ಸಭೆ ಮಾಡಿದೆವು. ಇಲ್ಲಿನ ಸ್ಥಿತಿ ಬೇರೆಯಾಗಿತ್ತು. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಆಗ ಇದಕ್ಕೆಂದೇ ಕಾನೂನು ಬಂದಿರಲಿಲ್ಲ, ಹಳೆಯದರಲ್ಲಿ ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕು ಎಂಬುದಕ್ಕೆ ಪೊಲೀಸರದೇ ಒಂದು ನಿಯಮವಿತ್ತು. ಸ್ಥಳೀಯ ವಕೀಲರೊಬ್ಬರು ಅದನ್ನು ವಿವರಿಸಿದರು, ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಹಾಲ್ ತುಂಬಾ ಜನ, ಆದರೆ ಬೇರೆ ಯಾರಿಗೋ ಹೇಳುತ್ತಿದ್ದಾರೆ ಎಂಬಂತೆ ಕೂತಿದ್ದರು. ಇದೆಲ್ಲ ನಮ್ಮ ಮಕ್ಕಳಿಗೆ ಯಾಕೆ ಎಂದು ಮುಂದಿನ ಸಾಲಿನ ಅಂಕಲ್ ಒಬ್ಬರು ಕೇಳಿಯೂ ಬಿಟ್ಟರು. ನಾನು ಶಶಿಯ ಕಡೆ ನೋಡಿದೆ. ಅವರು ತಲೆಯಾಡಿಸಿದರು.

“ಅಂಕಲ್, ನಾನು ಹಾವೇರಿ ಹುಡುಗಿ. ಡಿಗ್ರಿಯಲ್ಲಿ ಫಸ್ಟ್ ಕ್ಲಾಸ್. ನನ್ನ ಜೇಬಲ್ಲಿ ಗಾಂಜಾ ಸಿಕ್ಕಿತ್ತು, ಕೋರ್ಟಿಗೂ ಹೋಗಿದ್ದೆ,” ಎಂದೆ.

ಯಾರೂ ಎದ್ದು ಹೋಗಲಿಲ್ಲ. ಉಳಿದದ್ದನ್ನು ಹೇಳಿದೆ. ಶಿಕ್ಷೆ ಒಂದು ವರ್ಷದ್ದು, ಮಿಕ್ಕ ಒಂಬತ್ತು ವರ್ಷ ನಾನೇ ನನಗೆ ಕೊಟ್ಟುಕೊಂಡದ್ದು ಎಂದೆ. ನಿಮ್ಮ ಕೇಸು ಯಾವ ರಾಜ್ಯದ್ದು, ಕೋರ್ಟು ಏನು ಹೇಳಿತ್ತು, ಮೊದಲು ಆ ಹಾಳೆ ಓದಿ, ಆಮೇಲೆ ಕೇಳಿ ಎಂದೆ.

ಕುರ್ಚಿಗಳನ್ನು ಎತ್ತಿಡುವಾಗ ಐವತ್ತೈದು ದಾಟಿದ ಹೆಂಗಸೊಬ್ಬರು ಹತ್ತಿರ ಬಂದರು. ಗಿರಿಜಾ ಅಂತ, ಮೈಸೂರಿನವರು, ನಮ್ಮ ಪಕ್ಕದ ಬೀದಿಯಲ್ಲೇ ಮನೆ. ಮೂರು ವರ್ಷದ ಹಿಂದೆ ಪಾರ್ಕೊಂದರಲ್ಲಿ ಮಗಳ ಬ್ಯಾಗಿನಲ್ಲಿ ಪೊಲೀಸರಿಗೆ ಗಾಂಜಾ ಸಿಕ್ಕಿತ್ತಂತೆ. ಮಗಳು ಮನೆ ಬಿಟ್ಟು ಸಿಟಿಯಲ್ಲಿ ಇದ್ದಾಳಂತೆ, ಓದೂ ಅರ್ಧಕ್ಕೆ ನಿಂತಿದೆಯಂತೆ. ಅವಳ ಕೇಸಿನಲ್ಲಿ ಏನಾಯಿತು ಎಂಬುದು ಇವರಿಗೆ ಗೊತ್ತಿಲ್ಲ. ಏನೂ ಆಗುವುದಿಲ್ಲ ಎಂದು ನಾನು ಭರವಸೆ ಕೊಡಲಿಲ್ಲ. ವಕೀಲರು ನೋಡಿ ಹೇಳಬೇಕು, ಅವಳನ್ನು ಕರೆದುಕೊಂಡು ಬನ್ನಿ ಎಂದೆ.

“ನಿನ್ನ ಲೈಫ್ ಮುಗೀತು ಅಂತ ಅವತ್ತು ನಾನೇ ಹೇಳಿದ್ದಮ್ಮ,” ಎಂದರು. “ಪೊಲೀಸರು ಹಂಗೆ ಹೇಳಿರ್ಲಿಲ್ಲ. ನಾನು ಹೇಳಿದ್ದು.”

ಕರಪತ್ರವನ್ನು ಮಡಚಿ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು, ಹೊರಟವರು ಬಾಗಿಲ ಹತ್ತಿರ ನಿಂತು ಫೋನ್ ತೆಗೆದರು. ಕನ್ನಡಕ ತಂದಿರಲಿಲ್ಲ. ಫೋನನ್ನು ದೂರ ಹಿಡಿದು ಸ್ಪೀಕರಿಗೆ ಹಾಕಿದ್ದರಿಂದ ನಮಗೂ ಕೇಳಿಸುತ್ತಿತ್ತು. ಬಹಳ ಹೊತ್ತು ರಿಂಗಾಯಿತು. ಆ ಕಡೆಯಿಂದ ಒಂದು ಎಚ್ಚರದ ಹಲೋ ಬಂತು.

“ಅಮ್ಮ ಕಣೇ. ಅವತ್ತು ನಾನು ಹೇಳಿದ್ದು ತಪ್ಪು. ಒಬ್ರು ವಕೀಲರಿದಾರೆ, ಇಬ್ರೂ ಹೋಗಿ ಕೇಳ್ಕೊಂಡು ಬರೋಣ. ನಾಳೆ ಊಟಕ್ಕೆ ಬಾ.”

ಶಶಿ ಕೈಯಲ್ಲಿದ್ದ ಕುರ್ಚಿಯನ್ನು ಸದ್ದಾಗದಂತೆ ಕೆಳಗಿಟ್ಟರು. ಮಗಳು ಮೂಗು ಎಳೆದುಕೊಂಡದ್ದು ಕೇಳಿಸಿತು.

“ಓಕೆ ಅಮ್ಮಾ,” ಎಂದಳು. “ವಾಟ್ ಆರ್ ಯೂ ಕುಕಿಂಗ್?”